ಐದನೆಯ ಗುಬ್ಬಿಯ ಲೆಕ್ಕ

ಶುಭಸಂದೇಶ: ಮತ್ತಾಯ 10:26-33 (ಸಾಧಾರಣ ಕಾಲದ 12ನೇ ಭಾನುವಾರ, 'ಎ' ವರ್ಷ)



ಈ ಭಾನುವಾರದ ಶುಭಸಂದೇಶದಲ್ಲಿ ಪ್ರಭು ಯೇಸು ನಮ್ಮನ್ನು ಒಂದು ಸಂತೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗುಬ್ಬಿಗಳನ್ನು ಮಾರುತ್ತಿದ್ದಾರೆ. ಸಾಕುವುದಕ್ಕಲ್ಲ, ತಿನ್ನುವುದಕ್ಕೆ. ಆ ಕಾಲದಲ್ಲಿ ಕುರಿಮಾಂಸ ಕೊಳ್ಳಲಾಗದ ಬಡವರ ಊಟ ಅದು. ಎರಡು ಗುಬ್ಬಿಗೆ ಒಂದು ಕಾಸು. ಮೂಲ ಗ್ರೀಕ್ ಭಾಷೆಯಲ್ಲಿ ಆ ಕಾಸಿನ ಹೆಸರು ಅಸ್ಸಾರಿಯೋನ್. ಕೂಲಿಯಾಳಿನ ಒಂದು ದಿನದ ಕೂಲಿಯನ್ನು 16 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈಗಿನ ಲೆಕ್ಕದಲ್ಲಿ ದಿನಗೂಲಿ 480 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಗುಬ್ಬಿಗೆ 30 ರೂಪಾಯಿ, ಒಂದಕ್ಕೆ 15.

ಇದೇ ಮಾತನ್ನು ಸಂತ ಲೂಕರೂ ಬರೆದಿದ್ದಾರೆ (12:6). ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಎರಡು ಕಾಸಿಗೆ ಐದು ಗುಬ್ಬಿ. ಮತ್ತಾಯರ ದರದಲ್ಲಿ ಎರಡು ಕಾಸಿಗೆ ನಾಲ್ಕೇ ಬರಬೇಕು. ಐದನೆಯದು ಎಲ್ಲಿಂದ ಬಂತು? ಸಂತೆಗೆ ಹೋಗುವ ನಮ್ಮ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊಪ್ಪು ಕೊಂಡಾಗ ಮೇಲೊಂದು ಹಿಡಿ ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ ಕೊಸರಿಗೆ ಬಂದ ಗುಬ್ಬಿ ಅದು. ಅದಕ್ಕೆ ಬೆಲೆಯೇ ಇಲ್ಲ. ಅದನ್ನು ಸಹ ದೇವರು ಮರೆತಿಲ್ಲ ಎಂದು ಪ್ರಭು ಹೇಳುತ್ತಾರೆ.

ಎಷ್ಟೋ ಸಾರಿ ಕೇಳಿದ ಮಾತಿದು. ಕೇಳಿ ಸಮಾಧಾನಪಟ್ಟು ಮನೆಗೆ ಹೋಗುತ್ತೇವೆ. ಆದರೆ ನಮಗೆ ಗೊತ್ತಿದ್ದ ಒಂದು ಹಕ್ಕಿ ನಿಜವಾಗಿ ನೆಲಕ್ಕೆ ಬಿದ್ದ ದಿನ ಈ ಮಾತು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಧರ್ಮೋಪದೇಶದ ಮಕ್ಕಳಿಗೆ ಅಂಥ ದಿನ ಬಂತು.

ತೋಟಕ್ಕೆ ಬಂದ ಗೆಳೆಯ

ಏಪ್ರಿಲ್ ತಿಂಗಳ ಸೇಲಂ ಬಿಸಿಲನ್ನು ಯಾರಿಗೂ ವರ್ಣಿಸಿ ಹೇಳಬೇಕಾಗಿಲ್ಲ. ಆಗ ನಮ್ಮ ಯುವಜನರು ದೇವಾಲಯದ ಹಿಂದಿನ ತೋಟದಲ್ಲಿ ಮೂರು ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರು. ಮೊದಲು ಕಾಗೆ ಬಂತು. ಆಮೇಲೆ ಗಲಾಟೆ ಮಾಡುತ್ತಾ ಹರಟೆಮಲ್ಲಗಳ ಗುಂಪು. ಆಮೇಲೆ ಪಿಕಳಾರದ ಜೋಡಿ. ಎರಡನೆಯ ವಾರದಲ್ಲಿ ಒಂದು ಗಂಡು ಮಡಿವಾಳ ಹಕ್ಕಿ ಬಂತು. ಕಪ್ಪು ತಲೆ, ಕಪ್ಪು ಎದೆ, ಬಿಳಿ ಹೊಟ್ಟೆ, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ, ಯಾವಾಗಲೂ ಮೇಲಕ್ಕೆತ್ತಿದ ಬಾಲ. ಪಕ್ಕದ ತಮಿಳು ಮನೆಯವರು ಅದಕ್ಕೆ ವಣ್ಣಾತ್ತಿಕುರುವಿ ಎಂದರು. ಎರಡು ಭಾಷೆಯಲ್ಲೂ ಬಟ್ಟೆ ಮಡಿ ಮಾಡುವವರ ಹೆಸರನ್ನೇ ಹೊತ್ತ ಹಕ್ಕಿ. ನಮ್ಮ ಮಕ್ಕಳು ಎರಡು ಭಾಷೆಗೂ ಸಲ್ಲುವಂತೆ 'ಮುತ್ತು' ಎಂದು ಹೆಸರಿಟ್ಟರು.

ಗಿಡಗಳಿಗೆ ಪಾತಿ ಮಾಡಲು ನಾವು ಮಣ್ಣು ಕೆದಕಿದಾಗಲೆಲ್ಲ ಮುತ್ತು ಹಾಜರು. ಕೆದಕಿದ ಮಣ್ಣಿನಲ್ಲಿ ಹುಳು ಸಿಗುತ್ತದೆಂದು ಅದಕ್ಕೆ ಗೊತ್ತಾಗಿತ್ತು. ಹಕ್ಕಿಗಳನ್ನು ಅಭ್ಯಾಸ ಮಾಡುವವರು, ಮನುಷ್ಯ ಎಷ್ಟು ಹತ್ತಿರ ಬಂದರೆ ಹಕ್ಕಿ ಹಾರಿಹೋಗುತ್ತದೆ ಎಂಬ ಅಂತರವನ್ನು ಅಳೆಯುತ್ತಾರೆ. ಅಂತರ ಕಡಿಮೆಯಾದಷ್ಟೂ ಹಕ್ಕಿಯ ಭಯ ಕಡಿಮೆಯಾಗಿದೆ ಎಂದು ಅರ್ಥ. ನಮ್ಮ ಮಕ್ಕಳೂ ಅಳೆದರು, ಹೆಜ್ಜೆಯ ಲೆಕ್ಕದಲ್ಲಿ. ಮೊದಲ ದಿನ ಹನ್ನೆರಡು ಹೆಜ್ಜೆ. ಮೇ ತಿಂಗಳ ನಡುವಿಗೆ ಎರಡೇ ಹೆಜ್ಜೆ. ಅದಕ್ಕಿಂತ ಹತ್ತಿರಕ್ಕೆ ಮುತ್ತು ಬರಲಿಲ್ಲ, ಬರಲೆಂದು ನಾವೂ ಕೇಳಲಿಲ್ಲ. ಆ ಎರಡು ಹೆಜ್ಜೆ ಜಾಗ ಅದರ ಸ್ವಂತದ್ದು. ಬೆಳಗಿನ ಪೂಜೆಗೆ ಬರುವ ಅಜ್ಜಿಯರು ಗಂಟೆಗಿಂತ ಮೊದಲು ಅದರ ಹಾಡು ಕೇಳಿ ಎದ್ದು ಬಂದೆವು ಎನ್ನುತ್ತಿದ್ದರು.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಮುತ್ತು ಬೇವಿನ ಬುಡದಲ್ಲಿ ಬಿದ್ದಿತ್ತು. ಕತ್ತಿನ ಹತ್ತಿರ ಬೆಕ್ಕಿನ ಹಲ್ಲಿನ ಗುರುತು. ಮೂರನೇ ತರಗತಿಯ ಒಬ್ಬ ಹುಡುಗಿ ಅದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಕ್ಕಾ, ದೇವ್ರು ಒಂದೊಂದ್ ಗುಬ್ಬೀನೂ ಎಣಿಸ್ತಾರೆ ಅಂದ್ರಲ್ಲ. ಮುತ್ತೂನ ಎಣಿಸೋಕೆ ಮರ್ತ್‌ಬಿಟ್ರಾ?"

ಇನ್ನಿಬ್ಬರು ಹುಡುಗರು ಆಗಲೇ ಕಲ್ಲು ಹಿಡಿದು ಬೆಕ್ಕನ್ನು ಹುಡುಕುತ್ತಿದ್ದರು. ಸೌದೆ ರಾಶಿಯ ಹಿಂದೆ ಬೆಕ್ಕು ಸಿಕ್ಕಿತು. ಅದರ ಹೊಟ್ಟೆಯ ಪಕ್ಕದಲ್ಲಿ ಇನ್ನೂ ಕಣ್ಣು ಬಿಡದ ಮೂರು ಮರಿಗಳು. ಹುಡುಗರು ಕಲ್ಲು ಕೆಳಗೆ ಹಾಕಿದರು. ಅವರಲ್ಲೊಬ್ಬ ಕೋಪದಿಂದಲೇ ಹೇಳಿದ: "ಇದ್ರ ಮರೀಗೂ ದೇವ್ರೇ ಊಟ ಕೊಡ್ಬೇಕಲ್ಲ."

ಈ ಎರಡು ಮಕ್ಕಳ ಮಾತಿಗಿಂತ ದೊಡ್ಡ ದೇವಶಾಸ್ತ್ರ ನಮ್ಮ ಬಳಿ ಇಲ್ಲ. ಒಬ್ಬಳು ಯೇಸುವಿನ ಮಾತನ್ನು ನಂಬಿ ಅದನ್ನೇ ಹಿಡಿದು ದೇವರನ್ನು ಪ್ರಶ್ನಿಸಿದಳು. ಇನ್ನೊಬ್ಬ 104ನೇ ಕೀರ್ತನೆಯ ವಿಷಯವನ್ನು ಓದದೆಯೇ ಕಂಡುಕೊಂಡ. ಸಿಂಹದ ಮರಿಗಳು ಸಹ ತಮ್ಮ ಆಹಾರಕ್ಕಾಗಿ ದೇವರನ್ನೇ ಬೇಡುತ್ತವೆ ಎಂದು ಆ ಕೀರ್ತನೆಕಾರ ಹಾಡುತ್ತಾನೆ. ಬೇಟೆಯಾಡುವ ಪ್ರಾಣಿಯೂ ದೇವರದ್ದೇ, ಬೇಟೆಯಾದದ್ದೂ ದೇವರದ್ದೇ. ಇದನ್ನು ಸುಲಭ ಮಾಡಿ ಹೇಳುವ ದಾರಿ ಇಲ್ಲ.

ಪ್ರಭು ಏನು ಹೇಳಿದರು, ಏನು ಹೇಳಲಿಲ್ಲ

ಹಾಗಾದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರವೇನು? ಶುಭಸಂದೇಶವನ್ನು ಇನ್ನೊಮ್ಮೆ ನಿಧಾನವಾಗಿ ಓದೋಣ. ಗುಬ್ಬಿ ಬೀಳುವುದಿಲ್ಲ ಎಂದು ಯೇಸು ಎಲ್ಲಿಯೂ ಹೇಳಿಲ್ಲ. ಗುಬ್ಬಿ ನೆಲಕ್ಕೆ ಬೀಳುತ್ತದೆ ಎಂಬುದನ್ನು ಒಪ್ಪಿಕೊಂಡೇ ಮಾತಾಡುತ್ತಾರೆ. ಬಿದ್ದ ಗುಬ್ಬಿಯ ಕಡೆಗೆ ಬೆರಳು ತೋರಿಸಿ ಅವರು ಹೇಳುವುದು ಒಂದೇ: ಅದು ತಂದೆಯ ಕಣ್ಣಿಗೆ ಹೊರತಾಗಿ ಬೀಳಲಿಲ್ಲ.

ಅನೇಕ ಅನುವಾದಗಳಲ್ಲಿ ಇಲ್ಲಿ ದೇವರ 'ಚಿತ್ತ' ಎಂಬ ಪದ ಬರುತ್ತದೆ. ಮೂಲ ಗ್ರೀಕ್‌ನಲ್ಲಿ ಆ ಪದ ಇಲ್ಲ. ತಂದೆಯನ್ನು ಬಿಟ್ಟು ಅದು ಬೀಳುವುದಿಲ್ಲ ಎಂಬಷ್ಟೇ ಅರ್ಥ ಅಲ್ಲಿದೆ. ದೇವರ ಅನುಮತಿಯಿಲ್ಲದೆ ಏನೂ ನಡೆಯದು ಎಂಬುದು ಧರ್ಮಸಭೆಯ ಬೋಧನೆ, ನಿಜ. ಆದರೆ ದೇವರು ಬಯಸಿ ಬೀಳಿಸಿದರು ಎನ್ನುವುದಕ್ಕೂ, ಬೀಳುವಾಗ ದೇವರು ಜೊತೆಯಲ್ಲಿದ್ದರು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಕೇಳಿದ ಮಗು ದೇವರಿಗೆ ಹೆದರುತ್ತದೆ. ಎರಡನೆಯದನ್ನು ಕೇಳಿದ ಮಗು ದೇವರ ಹತ್ತಿರ ಹೋಗಿ ಅಳುತ್ತದೆ.

ಸಾವಿನ ಮನೆಯಲ್ಲಿ ನಾವು ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. ಒಂದು, "ದೇವರ ಚಿತ್ತ, ಅಳಬೇಡ." ಇನ್ನೊಂದು, "ಹೋದದ್ದು ಹೋಯಿತು, ಬಿಟ್ಟುಬಿಡು." ಹಕ್ಕಿಯ ವಿಷಯಕ್ಕೆ ಬಂದರೆ ಎರಡನೆಯ ಮಾತು ಇನ್ನೂ ಸುಲಭ: "ಒಂದು ಹಕ್ಕಿ ತಾನೆ, ಇನ್ನೊಂದು ಬರುತ್ತದೆ." ಈ ಎರಡು ಮಾತೂ ಅಳುವವರ ಬಾಯಿ ಮುಚ್ಚಿಸುತ್ತವೆ. ಬೆಥಾನಿಯದಲ್ಲಿ ಪ್ರಭು ಹಾಗೆ ಮಾಡಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಸರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದರೂ ಅವರು ಮೊದಲು ಮಾರ್ತಾ, ಮರಿಯಳ ಜೊತೆ ನಿಂತು ಕಣ್ಣೀರಿಟ್ಟರು (ಯೊವಾನ್ನ 11). ಪುನರುತ್ಥಾನದ ನಂಬಿಕೆ ಇದ್ದವರು ಅಳಬಾರದು ಎಂಬ ನಿಯಮ ಪುನರುತ್ಥಾನಗೊಂಡ ಪ್ರಭುವಿಗೇ ಗೊತ್ತಿರಲಿಲ್ಲ!

ಆದ್ದರಿಂದ ಆ ಬೆಳಿಗ್ಗೆ ಮಕ್ಕಳನ್ನು ಅಳಲು ಬಿಟ್ಟೆವು. ಬೇವಿನ ಬುಡದಲ್ಲಿ ಸಣ್ಣ ಗುಂಡಿ ತೋಡಿ, ಎಲೆ ಹಾಸಿ, ಮುತ್ತುವನ್ನು ಮಣ್ಣು ಮಾಡಿದೆವು. ಮನುಷ್ಯರ ಅಂತ್ಯಸಂಸ್ಕಾರದ ವಿಧಿಯನ್ನು ಅಲ್ಲಿ ಮಾಡಲಿಲ್ಲ, ಮಾಡುವುದೂ ಸರಿಯಲ್ಲ. ಒಬ್ಬೊಬ್ಬ ಮಗುವೂ ಮುತ್ತುವಿನ ಒಂದೊಂದು ವಿಷಯಕ್ಕೆ ದೇವರಿಗೆ ವಂದನೆ ಹೇಳಿತು. ಹಾಡಿಗೆ, ಬಾಲಕ್ಕೆ, ಎರಡು ಹೆಜ್ಜೆ ಹತ್ತಿರ ಬಂದದ್ದಕ್ಕೆ. ಆಮೇಲೆ ಎಲ್ಲರೂ ಪರಲೋಕ ಮಂತ್ರ ಹೇಳಿ ತರಗತಿಗೆ ಹೋದರು.

ಹಿತ್ತಲಿಗೆ ಬರುವ ಹೆಣ್ಣುಮಕ್ಕಳು

ಹಕ್ಕಿಯನ್ನು ಹಚ್ಚಿಕೊಳ್ಳುವುದು, ಅದನ್ನು ಕಳೆದುಕೊಳ್ಳುವುದು ಮಕ್ಕಳಾಟದ ಸಂಗತಿ ಎಂದು ಯಾರಾದರೂ ಅಂದುಕೊಂಡರೆ ಅವರು ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಶಿಂಷಾ ನದಿಗೆ ಹತ್ತಿರ ಇರುವ ಊರು ಅದು. ಅಲ್ಲಿ ಹಕ್ಕಿಗಳು ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ. ಜನರ ಮನೆಯ ಹಿತ್ತಲಿನ ಹುಣಸೆ ಮರ, ಬೀದಿಯ ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲ ಹಿಡಿಯುವ ಹೊತ್ತಿಗೆ ಹೊರಟುಹೋಗುತ್ತವೆ.

ಆ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಕರೆಯುತ್ತಾರೆ. ತವರಿಗೆ ಬಂದ ಮಗಳನ್ನು ಯಾರೂ ಕಟ್ಟಿಹಾಕುವುದಿಲ್ಲ. ಉಪಚಾರ ಮಾಡಿ ಕಳಿಸಿಕೊಡುತ್ತಾರೆ. ಗೂಡಿರುವ ಮರದ ಹುಣಸೆಹಣ್ಣು ಬಡಿದರೆ ಮೊಟ್ಟೆ, ಮರಿಗಳು ಬೀಳುತ್ತವೆ. ಹಾಗಾಗಿ ಆ ಫಸಲನ್ನೇ ಬಿಟ್ಟುಕೊಟ್ಟ ಮನೆಗಳಿವೆ. ಅದಕ್ಕಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡನ್ನೂ ಮಾಡಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು.

ಅಲ್ಲಿಯೂ ಮರಿಗಳು ಬೀಳುತ್ತವೆ. ಗಾಳಿ ಬಂದಾಗ, ಗೂಡಿನಲ್ಲಿ ಒಂದಕ್ಕೊಂದು ತಳ್ಳಾಡಿದಾಗ ಎತ್ತರದ ಮರದಿಂದ ಕೆಳಗೆ ಬೀಳುತ್ತವೆ. ಹೆಜ್ಜಾರ್ಲೆ ಬಳಗ ಎಂಬ ಹೆಸರಿನಲ್ಲಿ ಊರಿನವರೇ ಸೇರಿ, ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುತ್ತಾರೆ. ಕೆಲವು ಬದುಕುತ್ತವೆ, ಕೆಲವು ಬದುಕುವುದಿಲ್ಲ. 2017ರ ಕೊನೆಯಿಂದ 2018ರ ಆರಂಭದ ತಿಂಗಳುಗಳವರೆಗೆ ಅಲ್ಲಿ ಹತ್ತಾರು ದೊಡ್ಡ ಹೆಜ್ಜಾರ್ಲೆಗಳೇ ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಹುಳುಬಾಧೆ ಕಂಡುಬಂತು. ಬಾಣಂತನಕ್ಕೆ ಬಂದ ಮಗಳ ಸಾವನ್ನು ತವರುಮನೆ ಹೇಗೆ ನೋಡುತ್ತದೋ ಹಾಗೆ ಆ ಊರು ನೋಡಬೇಕಾಯಿತು. ಆದರೂ ಮುಂದಿನ ವರ್ಷ ಹಕ್ಕಿ ಬಂದಾಗ ಊರಿನ ಮರಗಳು ಅಲ್ಲೇ ಇದ್ದವು. ನೋವಾಗುತ್ತದೆಂದು ಯಾರೂ ಹಿತ್ತಲಿನ ಮರ ಕಡಿಯಲಿಲ್ಲ.

ಇದರಿಂದ ನಾವು ಕಲಿಯುವುದು ಎರಡು. ಒಂದು, ನಮ್ಮದಲ್ಲದ್ದನ್ನು ನಮ್ಮದೆಂಬಷ್ಟು ಪ್ರೀತಿಸಬಹುದು. ಪಂಜರದಲ್ಲಿಟ್ಟ ಗಿಣಿಯನ್ನು ಪ್ರೀತಿಸುವುದು ಸುಲಭ, ಅದು ಎಲ್ಲಿಗೂ ಹೋಗಲಾರದು. ಹಾರಿಹೋಗಬಲ್ಲದ್ದು ತಾನಾಗಿ ಬಂದು ನಮ್ಮ ಹತ್ತಿರ ಕೂತಾಗ ಅದು ವರ. ದೇವರ ಕೃಪೆಯನ್ನು ನಾವು ಹೀಗೆಯೇ ಅಲ್ಲವೇ ಪಡೆಯುವುದು? ಎರಡು, ಕಳೆದುಕೊಂಡ ಮೇಲೂ ಬಾಗಿಲು ಮುಚ್ಚಬಾರದು. ದುಃಖ ಬೇಡವೆಂದರೆ ಪ್ರೀತಿಯೂ ಬೇಡವೆನ್ನಬೇಕಾಗುತ್ತದೆ.

ಪೂಜಾಪೀಠದ ಮೇಲಿನ ಹೆಜ್ಜಾರ್ಲೆ

ಕೊಕ್ಕರೆ ಬೆಳ್ಳೂರಿನ ಈ ಹೆಜ್ಜಾರ್ಲೆ ಕಥೋಲಿಕರಾದ ನಮಗೆ ಹೊಸಬನಲ್ಲ. ಹಳೆಯ ದೇವಾಲಯಗಳ ಪೂಜಾಪೀಠದ ಮೇಲೆ, ಪರಮಪ್ರಸಾದ ಪೆಟ್ಟಿಗೆಯ ಬಾಗಿಲ ಮೇಲೆ, ಗುರುಗಳ ಪೂಜಾವಸ್ತ್ರದ ಕಸೂತಿಯಲ್ಲಿ ಒಂದು ದೊಡ್ಡ ಹಕ್ಕಿ ಕೊಕ್ಕನ್ನು ಎದೆಗೆ ಒತ್ತಿಕೊಂಡಿರುವ, ಕೆಳಗೆ ಮರಿಗಳು ಬಾಯಿ ತೆರೆದಿರುವ ಚಿತ್ರವನ್ನು ನೀವು ನೋಡಿರಬಹುದು. ಅದು ಹೆಜ್ಜಾರ್ಲೆಯ ಜಾತಿಯ ಹಕ್ಕಿ. ತನ್ನ ಎದೆಯನ್ನು ತಾನೇ ಕುಕ್ಕಿಕೊಂಡು ರಕ್ತದಿಂದ ಮರಿಗಳನ್ನು ಬದುಕಿಸುತ್ತದೆ ಎಂದು ಹಿಂದಿನವರು ನಂಬಿದ್ದರು. ಸಂತ ಥಾಮಸ್ ಅಕ್ವಿನಾಸರು ಪರಮಪ್ರಸಾದವನ್ನು ಕುರಿತು ಬರೆದ ಗೀತೆಯಲ್ಲಿ ಯೇಸುವನ್ನು ಇದೇ ಹಕ್ಕಿಯ ಹೆಸರಿನಿಂದ ಕರೆದಿದ್ದಾರೆ.

ವಿಜ್ಞಾನ ಓದಿದ ನಮಗೆ ಗೊತ್ತು, ಹೆಜ್ಜಾರ್ಲೆ ಎದೆ ಕುಕ್ಕಿಕೊಳ್ಳುವುದಿಲ್ಲ. ನುಂಗಿದ ಮೀನನ್ನು ಮರಿಗಳಿಗಾಗಿ ಹೊರತೆಗೆಯುವಾಗ ಅದು ಉದ್ದ ಕೊಕ್ಕನ್ನು ಎದೆಗೆ ಒತ್ತುತ್ತದೆ, ಮರಿ ಕೊಕ್ಕಿನ ಚೀಲದೊಳಗೆ ತಲೆ ಹಾಕಿ ತಿನ್ನುತ್ತದೆ. ದೂರದಿಂದ ಕಂಡವರಿಗೆ ಅದು ಎದೆ ಬಗೆದಂತೆ ತೋರಿರಬೇಕು. ಹಕ್ಕಿಯ ಕಥೆ ನಿಜವಲ್ಲದಿದ್ದರೂ, ಅದು ತೋರಿಸಿದ ಪ್ರಭುವಿನ ಕಥೆ ನಿಜ. ತನ್ನ ಶರೀರವನ್ನೂ ರಕ್ತವನ್ನೂ ತಮ್ಮವರಿಗೆ ಆಹಾರವಾಗಿ ಕೊಟ್ಟವರು ಅವರು.

ಅಷ್ಟೇ ಅಲ್ಲ. ಬಿದ್ದ ಗುಬ್ಬಿಯ ವಿಷಯ ಮಾತಾಡಿದ ಪ್ರಭು ತಾವೇ ಬಿದ್ದವರು. ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆಯ ಹಾದಿಯಲ್ಲಿ ಅವರು ಮೂರು ಸಾರಿ ಬಿದ್ದದ್ದನ್ನು ನಾವು ನೆನೆಯುತ್ತೇವೆ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಅವರಿಗೂ ಬೆಲೆ ಕಟ್ಟಿದರು. ಅವರೂ ನೆಲಕ್ಕೆ ಬಿದ್ದರು, ನೆಲದೊಳಗೂ ಸೇರಿದರು. ತಂದೆ ಅವರನ್ನು ಮರೆಯಲಿಲ್ಲ ಎಂಬುದೇ ನಮ್ಮ ವಿಶ್ವಾಸದ ತಿರುಳು. ಬಿದ್ದದ್ದನ್ನು ದೇವರು ಹೇಗೆ ಎಣಿಸುತ್ತಾರೆ ಎಂದು ಕೇಳುವ ಮಗುವಿಗೆ ನಾವು ತೋರಿಸಬೇಕಾದ್ದು ಪಾಸ್ಖದ ಬೆಳಗಿನ ಬರಿದಾದ ಸಮಾಧಿಯನ್ನು.

ಪ್ರೀತಿಗೂ ಒಂದು ಅಳತೆ

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಯೇಸು ಮಾತು ಮುಗಿಸುವುದು ಗುಬ್ಬಿಯಲ್ಲಲ್ಲ, ನಮ್ಮಲ್ಲಿ. ಅನೇಕ ಗುಬ್ಬಿಗಳಿಗಿಂತ ನೀವು ಹೆಚ್ಚಿನವರು, ಹೆದರಬೇಡಿ ಎಂಬುದು ಅವರ ಮಾತಿನ ಸಾರ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2416-2418) ಇದೇ ಅಳತೆಯನ್ನು ಕೊಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವು ಬದುಕಿರುವುದೇ ದೇವರಿಗೆ ಸ್ತುತಿ, ಅವುಗಳಿಗೆ ನಾವು ದಯೆ ತೋರಿಸಲೇಬೇಕು, ಸುಮ್ಮನೆ ಹಿಂಸಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಅದೇ ಹೊತ್ತಿಗೆ, ಮನುಷ್ಯರಿಗೆ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗಳಿಗೆ ಕೊಟ್ಟುಬಿಡಬಾರದು. ಹಕ್ಕಿಗೆ ನೀರಿಟ್ಟು, ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜನನ್ನು ಮರೆತರೆ ನಮ್ಮ ನೀರಿನ ತಟ್ಟೆಗೆ ಅರ್ಥವಿಲ್ಲ.

ಇಂಗ್ಲೆಂಡಿನ ಕ್ಲೇರ್ ಕಿಪ್ಸ್ ಎಂಬ ವಿಧವೆ ಈ ಎರಡನ್ನೂ ಒಟ್ಟಿಗೆ ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರ ಜುಲೈನಲ್ಲಿ, ಲಂಡನ್ ಬಳಿಯ ತಮ್ಮ ಮನೆ ಬಾಗಿಲಲ್ಲಿ ಅವರಿಗೆ ಆಗತಾನೆ ಮೊಟ್ಟೆಯೊಡೆದು ಬಂದ ಒಂದು ಗುಬ್ಬಿಮರಿ ಸಿಕ್ಕಿತು. ರೆಕ್ಕೆ, ಕಾಲು ಊನವಾಗಿದ್ದರಿಂದ ಅದನ್ನು ಹೊರಗೆ ಬಿಡುವಂತಿರಲಿಲ್ಲ. ವಿಮಾನದಾಳಿಯ ಕಾವಲು ಕೆಲಸದಲ್ಲಿದ್ದ ಅವರು, ಬಾಂಬಿಗೆ ಹೆದರಿ ಅಡಗುತಾಣಗಳಲ್ಲಿ ಕೂತಿದ್ದ ಮಕ್ಕಳ ಮುಂದೆ ಆ ಗುಬ್ಬಿಯಿಂದ ಆಟ ಆಡಿಸಿ ನಗಿಸುತ್ತಿದ್ದರು. ಗುಬ್ಬಿ 12 ವರ್ಷ ಬದುಕಿ 1952ರಲ್ಲಿ ಸತ್ತಿತು. ಮರುವರ್ಷ ಅವರು ಅದರ ಜೀವನಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು 'ಸೋಲ್ಡ್ ಫಾರ್ ಎ ಫಾರ್ದಿಂಗ್', ಅಂದರೆ ಕಾಸಿಗೆ ಮಾರಿದ್ದು. ನಾವು ಇಂದು ಕೇಳಿದ ಶುಭಸಂದೇಶದ ಕಾಸೇ ಅದು. ಒಬ್ಬ ಒಂಟಿ ಹೆಂಗಸು, ಒಂದು ಊನ ಗುಬ್ಬಿ, ಹೆದರಿದ ಮಕ್ಕಳು: ಸಂತೆಯಲ್ಲಿ ಯಾರೂ ಬೆಲೆ ಕಟ್ಟದವರು ಒಬ್ಬರಿಗೊಬ್ಬರು ಆದರು.

ಮುತ್ತು ಸ್ವರ್ಗದಲ್ಲಿದೆಯೇ ಎಂದು ಮಕ್ಕಳು ಕೇಳುತ್ತಾರೆ. ಹೌದು ಎಂದಾಗಲಿ ಇಲ್ಲ ಎಂದಾಗಲಿ ಧರ್ಮಸಭೆ ಒಂದೊಂದು ಹಕ್ಕಿಗೂ ಪಟ್ಟಿ ಕೊಟ್ಟಿಲ್ಲ. ಆದರೆ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಾ ಬಿಡುಗಡೆಗಾಗಿ ಕಾದಿದೆ ಎಂದು ಸಂತ ಪೌಲರು ರೋಮನರಿಗೆ ಬರೆದಿದ್ದಾರೆ (8:19-22). ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ (243) ನಿತ್ಯಜೀವದಲ್ಲಿ ಪ್ರತಿಯೊಂದು ಜೀವಿಯೂ ಪ್ರಕಾಶಮಾನವಾಗಿ ರೂಪಾಂತರಗೊಂಡು ತನ್ನ ಸ್ಥಾನ ಪಡೆಯುವುದೆಂಬ ಭರವಸೆಯನ್ನು ಹೇಳಿದ್ದಾರೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ದೇವರು ಒಮ್ಮೆ ಪ್ರೀತಿಸಿದ್ದು ದೇವರ ಕೈಯಿಂದ ಕಳೆದುಹೋಗುವುದಿಲ್ಲ.

ನಾವೂ ಕೊಸರಿಗೆ ಬಂದವರಲ್ಲ

ತಾರಮಂಗಲಂನಂಥ ಊರಿನಲ್ಲಿ ಕನ್ನಡ ಮಾತಾಡುವ ಕಥೋಲಿಕರು ಎಷ್ಟು ಮನೆ? ಮಗ್ಗದ ಸದ್ದಿನ ನಡುವೆ, ತಮಿಳಿನ ನಡುವೆ, ನಮ್ಮ ದನಿ ಕೇಳಿಸುವುದೇ ಕಷ್ಟ. ತಮಿಳು ಪೂಜೆಯಲ್ಲಿ ಭಕ್ತಿಯಿಂದ ಪಾಲ್ಗೊಳ್ಳುತ್ತೇವೆ, ಮನೆಗೆ ಬಂದು ಕನ್ನಡದಲ್ಲಿ ಜಪಸರ ಹೇಳುತ್ತೇವೆ. ಕನ್ನಡದಲ್ಲಿ ಮಾತ್ರ ಪಾಪನಿವೇದನೆ ಮಾಡಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಒಬ್ಬರು ಹೋದಾಗ ಅವರ ಜೊತೆ ಒಂದು ಹಳೆಯ ಹಾಡು, ಒಂದು ಪ್ರಾರ್ಥನೆಯ ಧಾಟಿ ಹೋಗುತ್ತದೆ. ಎಣಿಕೆಯಲ್ಲಿ ನಾವು ಯಾವ ಸಾಲಿಗೆ ಎಂದು ಕೆಲವೊಮ್ಮೆ ಅನಿಸುತ್ತದೆ.

ಆ ಐದನೆಯ ಗುಬ್ಬಿಯ ಮಾತು ನಮಗಾಗಿಯೇ ಇದೆ. ಸಂತೆಯ ಲೆಕ್ಕದಲ್ಲಿ ಸೊನ್ನೆಯಾದದ್ದು ತಂದೆಯ ಲೆಕ್ಕದಲ್ಲಿ ಒಂದು. ಆ ಅಜ್ಜಿಯರ ಕನ್ನಡ ಪ್ರಾರ್ಥನೆ ದೇವರಿಗೆ ಅರ್ಥವಾಗಿದೆ, ನೆನಪಿದೆ. ನಮ್ಮಲ್ಲಿ ಈ ವರ್ಷ ಗಂಡನನ್ನು, ತಾಯಿಯನ್ನು, ಹುಟ್ಟುವ ಮೊದಲೇ ಮಗುವನ್ನು ಕಳೆದುಕೊಂಡವರಿದ್ದಾರೆ. ಜನ ಮರೆತಿರಬಹುದು. "ಇನ್ನೂ ಅಳುತ್ತೀಯಾ?" ಎಂದು ಕೇಳಿರಬಹುದು. ತಂದೆ ಹಾಗೆ ಕೇಳುವವರಲ್ಲ. ನಿಮ್ಮ ತಲೆಗೂದಲನ್ನೂ ಎಣಿಸಿದವರು ನಿಮ್ಮ ಕಣ್ಣೀರಿನ ಲೆಕ್ಕ ಇಡದೆ ಇರುತ್ತಾರೆಯೇ?

ಈ ವಾರ ನಾವು ಮಾಡಬಹುದಾದದ್ದು

ಮನೆಯಲ್ಲಿ ಮಗು ಹಕ್ಕಿಗೋ ನಾಯಿಮರಿಗೋ ಅತ್ತರೆ ಗದರಿಸಬೇಡಿ. ನಾಳೆ ನಮ್ಮ ಸಾವಿಗೆ ಅಳಬೇಕಾದ ಮಗು ಅದು. ಅಳುವುದನ್ನೂ ಪ್ರಾರ್ಥಿಸುವುದನ್ನೂ ಈಗ ಕಲಿಯುತ್ತಿದೆ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ಒಟ್ಟಿಗೆ ಕೂತು ಮಣ್ಣು ಮಾಡಿ, ವಂದನೆಯ ಒಂದು ಮಾತು ಹೇಳಲು ಬಿಡಿ. ಕೂಡಲೇ ಇನ್ನೊಂದು ತಂದುಕೊಡುವ ಆತುರ ಬೇಡ.

ನೀರಿಡುವವರು ಎರಡು ಬೆರಳಿಗಿಂತ ಆಳವಿಲ್ಲದ ತಟ್ಟೆಯಲ್ಲಿಡಿ. ದಿನಾ ತೊಳೆದು ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆಯೂ ರೋಗವೂ ಸೇರುತ್ತವೆ. ಬೆಕ್ಕು ಅವಿತು ಕೂರಲಾಗದಂಥ ಬಯಲಿನಲ್ಲಿ, ಎತ್ತರದಲ್ಲಿಡಿ. ಉಪ್ಪು ಹಾಕಿದ ತಿಂಡಿ ಬೇಡ. ಗೂಡಿನಿಂದ ಬಿದ್ದ ಪುಕ್ಕವಿಲ್ಲದ ಮರಿ ಸಿಕ್ಕರೆ ಮೆಲ್ಲನೆ ಗೂಡಿಗೇ ಸೇರಿಸಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. ಪುಕ್ಕ ಬಂದು ನೆಲದ ಮೇಲೆ ಕುಪ್ಪಳಿಸುವ ಮರಿಯನ್ನು ಅಲ್ಲೇ ಬಿಡಿ, ಅದು ಹಾರಲು ಕಲಿಯುತ್ತಿದೆ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಇಷ್ಟೆಲ್ಲ ಮಾಡಿದರೂ ಗೂಡು ಬಿಟ್ಟ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಮೊದಲ ವರ್ಷವನ್ನು ದಾಟುವುದಿಲ್ಲ ಎಂಬುದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ಸಂತೆಯಲ್ಲಿ ಗಿಣಿ, ರಾಟವಾಳ ಮಾರುವುದನ್ನು ಕಂಡರೆ ಕೊಳ್ಳಬೇಡಿ. ನಮ್ಮ ನಾಡಿನ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಯುವಜನರಿಗೆ ಒಂದು ಮಾತು. 2020ರಲ್ಲಿ ನಮ್ಮದೇ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಪೊತ್ತಕುಡಿ ಎಂಬ ಹಳ್ಳಿಯಲ್ಲಿ ಬೀದಿದೀಪದ ಸ್ವಿಚ್ ಪೆಟ್ಟಿಗೆಯೊಳಗೆ ಒಂದು ಸಣ್ಣ ಹಕ್ಕಿ ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಅದನ್ನು ಮೊದಲು ಗಮನಿಸಿದ್ದು ನಿಮ್ಮ ವಯಸ್ಸಿನ ಒಬ್ಬ ಕಾಲೇಜು ಹುಡುಗ. ಅವನು ಮನೆ ಮನೆಗೆ ಹೇಳಿ ಒಪ್ಪಿಸಿದ. ಮರಿಗಳು ಹಾರಿಹೋಗುವವರೆಗೆ, ಒಂದು ತಿಂಗಳಿಗೂ ಹೆಚ್ಚು ಕಾಲ, ಊರವರು ಬೀದಿದೀಪ ಹಾಕದೆ ಕತ್ತಲಲ್ಲೇ ಓಡಾಡಿದರು. ಇಡೀ ಊರು ಬೆಳಕು ಬಿಟ್ಟುಕೊಟ್ಟದ್ದು ಸಂತೆಯಲ್ಲಿ ಬೆಲೆಯೇ ಇಲ್ಲದ ಒಂದು ಹಕ್ಕಿಗಾಗಿ. ನಮ್ಮ ಧರ್ಮಕೇಂದ್ರದಲ್ಲಿ ಯಾರೂ ಗಮನಿಸದ ಮನೆ ಯಾವುದು ಎಂದು ಈ ವಾರ ನಾವೂ ಹುಡುಕೋಣ. ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿ, ದುಃಖದಲ್ಲಿರುವವರ ಜೊತೆ ಅರ್ಧ ಗಂಟೆ ಕೂತು ಬರೋಣ. ಉಪದೇಶ ಬೇಡ. ಅವರು ಕಳೆದುಕೊಂಡವರ ಹೆಸರನ್ನು ಕೇಳಿ, ಅದನ್ನು ನಮ್ಮ ಬಾಯಿಂದ ಒಮ್ಮೆ ಹೇಳಿದರೆ ಸಾಕು.

ಪ್ರಾರ್ಥಿಸೋಣ:

ಪಿತ ದೇವರೇ, ಕಾಸಿಗೂ ಬಾಳದ್ದನ್ನು ನೀವು ಹೆಸರು ಹಿಡಿದು ಬಲ್ಲಿರಿ. ತಾವೇ ಬಿದ್ದು ಎದ್ದ ನಿಮ್ಮ ಪುತ್ರನ ಮೂಲಕ ಬೇಡುತ್ತೇವೆ: ಹಿಡಿದಿಡದೆ ಪ್ರೀತಿಸುವ ಕೈಗಳನ್ನು ನಮಗೆ ಕೊಡಿ. ನಾಚಿಕೆಯಿಲ್ಲದೆ ಅಳುವ ಕಣ್ಣುಗಳನ್ನು ಕೊಡಿ. ಕಳೆದುಕೊಂಡ ಮೇಲೂ ಬಾಗಿಲು ತೆರೆದಿಡುವ ಧೈರ್ಯ ಕೊಡಿ. ನಮ್ಮ ಮಧ್ಯೆ ಎಣಿಕೆಗೆ ಸಿಗದವರನ್ನು ಎಣಿಸಲು ನಮಗೆ ಕಲಿಸಿ. ನಮ್ಮ ಪ್ರಭು ಕ್ರಿಸ್ತರ ಮೂಲಕ. ಆಮೆನ್.